ಅಂಗಸಾಧನೆಗೂ ಬೇಕು ಬಿಡುವು

ವಾರಕ್ಕೆ ಒಂದು ದಿನವಾದರೂ ಎತ್ತಿನ ಹೆಗಲಿನಿಂದ ನೊಗವನ್ನು ಇಳಿಸಬೇಕೆಂಬುದು ಉತ್ತರ ಕರ್ನಾಟಕದ ರೈತರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ನೇಮ. ಸೋಮವಾರ ಬಸವಣ್ಣನಿಗೆ ಮೀಸಲು. ಬಿತ್ತನೆಯ ಅವಸರವಿದ್ದರೂ ಅಂದು ಎತ್ತುಗಳನ್ನು ಹೂಡುವುದಿಲ್ಲ. ಭಕ್ತಿಯೊಡನೆ ಅನುಭವವೂ ಬೆರೆತ ನೇಮವಿದು. ದುಡಿಯುವ ದೇಹಕ್ಕೆ ಬಿಡುವಿಲ್ಲದಿದ್ದರೆ ದುಡಿಮೆಯೂ ಉಳಿಯದು. ಮೂಕಪ್ರಾಣಿಗೆ ದೊರೆಯುವ ಈ ಕರುಣೆ ಮನೆಯ ಮಗನಿಗೆ ಅನೇಕ ವೇಳೆ ದೊರೆಯುವುದಿಲ್ಲ; ಏಕೆಂದರೆ ಅದನ್ನು ಬೇಡವೆನ್ನುವವನು ಅವನೇ.

ಬೆಳಗಾವಿ ಮಲ್ಲರ ನಾಡು. ಆನಂದವಾಡಿಯ ಅಖಾಡದಲ್ಲಿ ಕುಸ್ತಿ ಏರ್ಪಟ್ಟಿತೆಂದರೆ ಸುತ್ತಲಿನ ಹಳ್ಳಿಗಳಿಂದಲೂ ಜನ ನೆರೆಯುತ್ತಾರೆ. ತಾಲೀಮುಗಳ ಕೆಂಪು ಮಣ್ಣಿನಲ್ಲಿ ದಂಡ, ಬೈಠಕ್ ಹೊಡೆಯುವುದು, ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತಿ ಭಲೇ ಎನಿಸಿಕೊಳ್ಳುವುದು ಈ ಭಾಗದ ತರುಣರಿಗೆ ಹೊಸದಲ್ಲ. ಈಗ ನಗರದ ಬಡಾವಣೆಗಳಲ್ಲಿ ಜಿಮ್‌ಗಳು ತಲೆಯೆತ್ತಿವೆ. ಕಲ್ಲಿನ ಸ್ಥಳಕ್ಕೆ ಕಬ್ಬಿಣ ಬಂದಿದೆ. ಸಾಧನ ಬೇರೆಯಾದರೂ ಛಲ ಅದೇ. ಆ ಛಲದ ಬೆನ್ನಿಗೆ ಒಂದು ಭಯವೂ ಅಂಟಿಕೊಂಡಿದೆ: ನಾಲ್ಕು ದಿನ ತಪ್ಪಿದರೆ ಗಳಿಸಿದ್ದೆಲ್ಲ ಕರಗಿಹೋದೀತೆಂಬ ಭಯ. ಭುಜ ನೋಯುತ್ತಿದ್ದರೂ, ಮೈ ಬೆಚ್ಚಗಿದ್ದರೂ ತರುಣನನ್ನು ಮತ್ತೆ ಭಾರದ ಮುಂದೆ ನಿಲ್ಲಿಸುವುದು ಈ ಭಯವೇ.

ಕಣ್ಣಿಗೆ ಕಾಣದ ಕೆಲಸ

ಭಾರ ಎತ್ತುವಾಗಲೇ ಸ್ನಾಯು ಬೆಳೆಯುತ್ತದೆಂಬುದು ತಪ್ಪು ತಿಳಿವಳಿಕೆ. ಎತ್ತುವಾಗ ಸ್ನಾಯು ದಣಿಯುತ್ತದೆ. ಅದರಲ್ಲಿ ಕೂಡಿಟ್ಟ ಗ್ಲೈಕೊಜನ್ ಎಂಬ ಇಂಧನ ಖರ್ಚಾಗುತ್ತದೆ. ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟೂ ಬೀಳಬಹುದು. ಅದನ್ನೆಲ್ಲ ಸರಿಪಡಿಸಿ, ಮೊದಲಿಗಿಂತ ತುಸು ಗಟ್ಟಿಯಾಗಿ ಕಟ್ಟುವ ಕೆಲಸ ನಡೆಯುವುದು ಆಮೇಲೆ: ಊಟದಲ್ಲಿ, ನಿದ್ರೆಯಲ್ಲಿ, ಬಿಡುವಿನಲ್ಲಿ. ಈ ದುರಸ್ತಿಗೆ ಸಾಮಾನ್ಯವಾಗಿ ಒಂದೆರಡು ದಿನಗಳು ಬೇಕು. ಆದುದರಿಂದಲೇ ಒಂದೇ ಅಂಗಕ್ಕೆ ಮತ್ತೆ ಭಾರ ಹೊರಿಸುವ ಮುನ್ನ ಸುಮಾರು 48 ಗಂಟೆಗಳ ಅಂತರ ಕೊಡುವುದು ರೂಢಿ.

ಬೆಳಗಾವಿಗೆ ಸಮೀಪದ ಖಾನಾಪುರ ಜೇಡಿಮಣ್ಣಿನ ಕಸುಬಿಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆಯೊಂದು ಅಲ್ಲಿದೆ. ತಿಗುರಿಯಿಂದ ಇಳಿಸಿದ ಹಸಿ ಮಡಕೆಯನ್ನು ಯಾವ ಕುಂಬಾರನೂ ನೇರವಾಗಿ ಆವಿಗೆಗೆ ಇಡುವುದಿಲ್ಲ. ಇಟ್ಟರೆ ಒಳಗಿನ ನೀರು ಹಬೆಯಾಗಿ ಮಡಕೆ ಸಿಡಿಯುತ್ತದೆ. ನೆರಳಿನಲ್ಲಿ ನಿಧಾನವಾಗಿ ಆರುವ ದಿನಗಳಲ್ಲಿ ಮಡಕೆ ಸುಮ್ಮನೆ ಕುಳಿತಂತೆ ತೋರುತ್ತದೆ. ಆದರೆ ಅದು ಬೆಂಕಿಯನ್ನು ತಾಳುವುದು ಆ ದಿನಗಳ ಬಲದಿಂದ. ದೇಹದ ಬಿಡುವೂ ಅಂತಹುದೇ.

ನಮ್ಮ ಪ್ರಾಚೀನ ವೈದ್ಯರು ಇದನ್ನು ಬಲ್ಲವರಾಗಿದ್ದರು. ವ್ಯಾಯಾಮವನ್ನು ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ಅಷ್ಟಾಂಗಹೃದಯವನ್ನು ರಚಿಸಿದ ವಾಗ್ಭಟನು ಚಳಿಗಾಲ ಮತ್ತು ವಸಂತಗಳಲ್ಲಿ ಅರ್ಧಶಕ್ತಿ, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ಎಂದು ನಿಯಮಿಸಿ, ಅತಿ ಮಾಡುವವನನ್ನು ಆನೆಯನ್ನು ಎಳೆಯಹೋಗಿ ಅಳಿಯುವ ಸಿಂಹಕ್ಕೆ ಹೋಲಿಸಿದ್ದಾನೆ. ಬಿಡದೆ ಸುರಿಯುವ ಮಳೆಗಾಲದಲ್ಲಿ ಸಾಧನೆಯನ್ನು ತಗ್ಗಿಸುವವನು ಶಾಸ್ತ್ರಕ್ಕೆ ಹೊರತಾದವನಲ್ಲ. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯೂ ಪ್ರಯೋಗಗಳ ಆಧಾರದ ಮೇಲೆ ಇದಕ್ಕೆ ಹತ್ತಿರವಾದ ಮಾತನ್ನೇ ಹೇಳಿದನು. ಒತ್ತಡಕ್ಕೆ ದೇಹ ಮೊದಲು ಬೆಚ್ಚುತ್ತದೆ, ಬಳಿಕ ಎದುರಿಸಿ ನಿಲ್ಲುತ್ತದೆ. ಒತ್ತಡ ಎಡೆಬಿಡದೆ ಮುಂದುವರಿದರೆ ಕೊನೆಗೆ ಕುಸಿಯುತ್ತದೆ.

ಕುಸಿತದ ಸೂಚನೆಗಳು ಮನೆಯವರಿಗೂ ಗೋಚರವಾಗುತ್ತವೆ. ರಾತ್ರಿ ನಿದ್ರೆ ಬಾರದು, ಊಟ ಸೇರದು, ಸಣ್ಣ ಮಾತಿಗೂ ಸಿಡುಕು. ಬೆಳಗ್ಗೆ ಎದ್ದಾಗಿನ ನಾಡಿಬಡಿತ ಎಂದಿಗಿಂತ ಹೆಚ್ಚಿರಬಹುದು. ಹೋದ ವಾರ ಸಲೀಸಾಗಿ ಎದ್ದ ಭಾರ ಈ ವಾರ ಏಳದು. ಆಗ ಹಟ ಹಿಡಿಯದೆ ಕೆಲವು ದಿನ ಬಿಡುವುದು, ಇಲ್ಲವೆ ಹಗುರವಾಗಿ ಮಾಡುವುದು ವಿವೇಕ. ಜ್ವರವಿರುವಾಗಲಂತೂ ಭಾರವನ್ನು ಮುಟ್ಟಲೇಬಾರದು. ಕೆಲವು ಸೋಂಕುಗಳು ಹೃದಯದ ಸ್ನಾಯುವನ್ನೂ ತಟ್ಟುವುದುಂಟು.

ಬಿಟ್ಟರೆ ಬಲ ಕರಗುವುದೇ?

ಪರೀಕ್ಷೆ, ಮದುವೆ, ಪ್ರವಾಸ ಎಂದು ಎರಡು ವಾರ ತಪ್ಪಿದರೆ ಗಾಬರಿಪಡಬೇಕಾದುದಿಲ್ಲ. ಚೆನ್ನಾಗಿ ಸಾಧನೆ ಮಾಡಿದವನ ಬಲ ಎರಡು-ಮೂರು ವಾರಗಳಲ್ಲಿ ಹೆಚ್ಚೇನೂ ತಗ್ಗುವುದಿಲ್ಲ. ಕನ್ನಡಿಯಲ್ಲಿ ತೋಳು ಸಣ್ಣದಾಗಿ ಕಂಡರೆ ಅದು ಬಹುಮಟ್ಟಿಗೆ ಸ್ನಾಯುವಿನಲ್ಲಿದ್ದ ಗ್ಲೈಕೊಜನ್ ಮತ್ತು ನೀರು ಇಳಿದುದರ ಫಲ. 2010ರಲ್ಲಿ ನಾರ್ವೆಯ ಓಸ್ಲೋ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ದುಡಿಮೆಯಿಂದ ಸ್ನಾಯುಕೋಶದಲ್ಲಿ ಹೆಚ್ಚಿದ ಬೀಜಕೇಂದ್ರಗಳು, ಸ್ನಾಯು ಸೊರಗಿದ ಮೇಲೂ ಉಳಿದುದು ಕಂಡುಬಂದಿತು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಿಜವೆಂಬ ಚರ್ಚೆ ಮುಗಿದಿಲ್ಲ. ಆದರೂ ಒಮ್ಮೆ ಗಳಿಸಿದ ಬಲವನ್ನು ಮರಳಿ ಪಡೆಯಲು ಮೊದಲಿನಷ್ಟು ಕಾಲ ಬೇಡವೆಂಬುದು ಸಾಧಕರ ಅನುಭವ.

ಅಪಾಯವಿರುವುದು ಬಿಡುವಿನಲ್ಲಲ್ಲ, ಮರಳಿ ಬಂದ ಮೊದಲ ದಿನದ ಆತುರದಲ್ಲಿ. ದೀರ್ಘ ವಿರಾಮದ ಅನಂತರ ಒಮ್ಮೆಲೇ ಹಳೆಯ ಭಾರಕ್ಕೆ ಕೈಹಾಕಿ ಮಿತಿಮೀರಿ ದಣಿದರೆ, ಸ್ನಾಯುಗಳು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ತೀವ್ರವಾದ ಮೈನೋವು, ಊತ, ಚಹಾದ ಡಿಕಾಕ್ಷನ್ನಿನಂತೆ ಕಂದಾದ ಮೂತ್ರ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಮೊದಲ ವಾರ ಅರ್ಧ ಭಾರದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರುವುದು ಕ್ಷೇಮ.

ಆರೋಗ್ಯಕ್ಕಾಗಿ ಮಾತ್ರ ಸಾಧನೆ ಮಾಡುವವರಿಗೆ ಪ್ರತಿದಿನದ ಕಷ್ಟವೇ ಬೇಡ. ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ವಯಸ್ಕರಿಗೆ ವಾರಕ್ಕೆ 2 ಅಥವಾ ಹೆಚ್ಚು ದಿನ ಇರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸಲಹೆ. ಮಗನಾಗಲಿ ಮಗಳಾಗಲಿ ಒಂದು ದಿನ ಜಿಮ್ಮಿಗೆ ಹೋಗದೆ ಬೆಳಗಿನ ಹೊತ್ತು ಇನ್ನೊಂದು ಗಂಟೆ ಮಲಗಿದರೆ ಹಿರಿಯರು ಸೋಮಾರಿತನವೆಂದು ಹಂಗಿಸಬಾರದು. ಹೊಟ್ಟೆತುಂಬ ಊಟ ಬಡಿಸಿ ಸುಮ್ಮನಿದ್ದರೆ ಸಾಕು. ಮಿಕ್ಕ ಕೆಲಸವನ್ನು ದೇಹ ತಾನೇ ಮಾಡಿಕೊಳ್ಳುತ್ತದೆ.