ಎಂಬಿಎ ಬಾಗಿಲಲ್ಲಿ ಎಂಜಿನಿಯರುಗಳ ನೂಕುನುಗ್ಗಲು!

ಒಂದೇ ಬೀದಿಯ ಹತ್ತೂ ಅಂಗಡಿಯಲ್ಲಿ ಅದೇ ಸೋನಾ ಮಸೂರಿ ಇದ್ದರೆ ಗಿರಾಕಿ ಯಾರ ಹತ್ತಿರ ಹೋದಾನು? ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಸೀಟು ಬಯಸುವ ಬಿ.ಇ. ಹುಡುಗರ ಪಾಡೂ ಇದೇ. 1973ರಲ್ಲಿ ಶುರುವಾದ ಈ ಸಂಸ್ಥೆಗೆ ಅರ್ಜಿ ಹಾಕುವವರಲ್ಲಿ ಎಂಜಿನಿಯರುಗಳದ್ದೇ ದಂಡು. ಎರಡು ವರ್ಷದ ಫೀಸು 20 ಲಕ್ಷ ರೂಪಾಯಿಗೂ ಮೇಲೆ. ಬ್ಯಾಂಕು ಸಾಲ ಕೊಟ್ಟೀತು, ಆದರೆ ಸೀಟು ಸಿಗಬೇಕಲ್ಲ!

ಕ್ಯಾಟ್ ಪರೀಕ್ಷೆಯ ಲೆಕ್ಕ ಇವರಿಗೆ ನೀರು ಕುಡಿದಷ್ಟು ಸಲೀಸು. ಎಲ್ಲರಿಗೂ ಸಲೀಸಾದ ಮೇಲೆ ಲಾಭವೇನು ಬಂತು? ಮುಗ್ಗರಿಸುವುದು ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಭಾಗದಲ್ಲಿ. ಸಾಲದ್ದಕ್ಕೆ ಕೆಲವು ಐಐಎಂಗಳು ಎಂಜಿನಿಯರಿಂಗ್ ಓದದವರಿಗೆ ಮೇಲಿಂದ ಒಂದಿಷ್ಟು ಅಂಕ ಕೊಡುತ್ತವೆ, ಕ್ಲಾಸಿನಲ್ಲಿ ಕಾಮರ್ಸು, ಆರ್ಟ್ಸಿನವರೂ ಇರಲಿ ಅಂತ. ಗೊಣಗುವವರು ಗೊಣಗಲಿ, ಪಟ್ಟಿ ಬದಲಾಗದು.

ಉಳಿದಿದ್ದು ಸಂದರ್ಶನ. 'ಎಂಜಿನಿಯರಿಂಗ್ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?' ಈ ಪ್ರಶ್ನೆಗೆ ಸಿದ್ಧವಾಗಿಯೇ ಹೋಗಬೇಕು. 'ಮ್ಯಾನೇಜರ್ ಆಗ್ಬೇಕು ಸಾರ್' ಅಂದರೆ ಮುಗೀತು. ಮುಂಚೆ ಹೋದವನೂ ಅದನ್ನೇ ಒದರಿ ಬಂದಿರುತ್ತಾನೆ. ಪಂಪ್‌ಸೆಟ್ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದವನಿದ್ದಾನೆ ಅನ್ನಿ. ಮೋಟಾರಿನ ಅಶ್ವಶಕ್ತಿ ಪಕ್ಕಕ್ಕಿಡಲಿ. ರೈತ ಪಂಪು ವಾಪಸು ತಂದಿದ್ದೇಕೆ, ರಿಪೇರಿಗೆ ಎಷ್ಟು ಬಿತ್ತು, ಡೀಲರ್ ಮುನಿಸಿಕೊಂಡಾಗ ತಾನೇನು ಮಾಡಿದೆ, ಇದನ್ನು ಹೇಳಲಿ. ಈ ಸರಕು ಪಕ್ಕದವನ ಹತ್ತಿರ ಇರೋಲ್ಲ.

ಹಾಗಂತ ಓದಿದ್ದನ್ನು ಮರೆತು ಹೋಗುವುದೂ ಬೇಡ. ಮೆಕ್ಯಾನಿಕಲ್ ಮುಗಿಸಿದವನನ್ನು ಥರ್ಮೋಡೈನಮಿಕ್ಸಿನ ಎರಡನೇ ನಿಯಮ ಕೇಳಿದರೆ ಅಲ್ಲಿ ಬೆವರಬಾರದು.