ಸರಕಿನ ಪಟ್ಟಿಯಿಲ್ಲದ ಬೆಂಗಳೂರು ಪ್ರವಾಸ

ಚಾಮರಾಜನಗರ, ಗುಂಡ್ಲುಪೇಟೆಗಳ ವರ್ತಕರಲ್ಲಿ ಬೆಂಗಳೂರನ್ನು ಕಾಣದವರು ವಿರಳ. ಬಟ್ಟೆಗೆ ಚಿಕ್ಕಪೇಟೆ, ವಿದ್ಯುತ್ ಸಾಮಗ್ರಿ ಹಾಗೂ ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ, ಪುಸ್ತಕ ಮತ್ತು ಕಾಗದಕ್ಕೆ ಅವೆನ್ಯೂ ರಸ್ತೆ ಎಂದು ನಮ್ಮ ಹಾದಿಗಳು ಗೊತ್ತಾಗಿಬಿಟ್ಟಿವೆ. ಬೆಳಗಿನ ಜಾವದ ಬಸ್ಸಿಗೆ ಹೊರಟು, ಮಧ್ಯಾಹ್ನದೊಳಗೆ ಸರಕು ಕಟ್ಟಿಸಿ, ಲಾರಿ ಆಫೀಸಿಗೆ ಒಪ್ಪಿಸಿ, ರಾತ್ರಿಯ ಬಸ್ಸಿಗೆ ಮರಳುವುದು ಎಷ್ಟೋ ವರ್ಷಗಳ ವಾಡಿಕೆ. ಆದರೆ ಹೀಗೆ ನೂರು ಬಾರಿ ಹೋಗಿ ಬಂದವರು ಲಾಲ್‌ಬಾಗನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿರುವುದೂ ಉಂಟು. ಅವರ ಮನೆಯವರಂತೂ ಅಷ್ಟನ್ನೂ ನೋಡಿರುವುದಿಲ್ಲ.

ಈ ಲೇಖಕನ ಮನೆಯಲ್ಲಿಯೂ ಇದೇ ಸ್ಥಿತಿ. "ಅಪ್ಪ, ಬೆಂಗಳೂರು ಅಂದರೆ ನಿಮಗೆ ಚಿಕ್ಕಪೇಟೆ ಒಂದೇನಾ?" ಎಂದು ಮಗಳು ಕೇಳಿದ ಮೇಲೆ ಒಂದು ಭಾನುವಾರ ಎಲ್ಲರೂ ಹೊರಟೆವು. ಆದರೆ ಜೇಬಿನಲ್ಲಿ ಸರಕಿನ ಪಟ್ಟಿ ಇದ್ದೇ ಇತ್ತು. ಭಾನುವಾರ ಸಗಟು ಅಂಗಡಿಗಳು ಬಾಗಿಲು ಹಾಕಿದ್ದವು. ಖರೀದಿಗಾಗಿ ಸೋಮವಾರವೂ ಉಳಿದೆವು. ನಾನು ಖರೀದಿಯಲ್ಲಿದ್ದಾಗ ಮನೆಯವರು ವಸ್ತುಸಂಗ್ರಹಾಲಯವೊಂದಕ್ಕೆ ಹೋಗಿ, ಸೋಮವಾರದ ರಜೆಯ ಫಲಕ ಓದಿಕೊಂಡು ಹಿಂತಿರುಗಿದರು. ಎರಡು ದಿನದ ವ್ಯಾಪಾರವೂ ಹೋಯಿತು, ಪ್ರವಾಸವೂ ಆಗಲಿಲ್ಲ. "ಇನ್ನು ಮೇಲೆ ನಿಮ್ಮ ಜೊತೆ ಬೆಂಗಳೂರಿಗೆ ಬರೋದಿಲ್ಲ ರೀ" ಎಂದು ಶ್ರೀಮತಿಯವರು ಹೇಳಿದ ಮಾತಿನಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ತಪ್ಪು ನಗರದ್ದಲ್ಲ, ನನ್ನದು. ಸರಕು ತರುವಾಗ ತೋರುವ ಮುಂದಾಲೋಚನೆಯಲ್ಲಿ ಕಾಲು ಭಾಗವನ್ನು ಮನೆಯವರ ಪ್ರವಾಸಕ್ಕೆ ತೋರಿದ್ದರೆ ಸಾಕಿತ್ತು. ಮರುವರ್ಷ ಹಾಗೆ ಮಾಡಿ ನೋಡಿದೆವು. ಆ ಅನುಭವದ ಸಾರವನ್ನು ವರ್ತಕ ಬಾಂಧವರ ಮುಂದಿಡುತ್ತಿದ್ದೇನೆ.

ದಿನಾಂಕ ಗೊತ್ತುಪಡಿಸುವುದು

ಮೊದಲು ನೋಡಬೇಕಾದುದು ಲೆಕ್ಕದ ಪಂಚಾಂಗ. ತಿಂಗಳಿಗೊಮ್ಮೆ ಜಿ.ಎಸ್.ಟಿ. ವಿವರ ಸಲ್ಲಿಸುವವರಿಗೆ ಜಿ.ಎಸ್.ಟಿ.ಆರ್-1 ನಮೂನೆಗೆ 11ನೇ ತಾರೀಖು, 3-ಬಿ ನಮೂನೆಗೆ 20ನೇ ತಾರೀಖು ಕೊನೆಯ ದಿನ. ಇವುಗಳ ಹಿಂದಿನ ವಾರಾಂತ್ಯವನ್ನು ಬಿಟ್ಟುಬಿಡುವುದು ಲೇಸು. ಹಬ್ಬದ ವ್ಯಾಪಾರ, ಮಕ್ಕಳ ಪರೀಕ್ಷೆ, ಅರಿಸಿನದ ವ್ಯಾಪಾರದವರಾದರೆ ಒಕ್ಕಣೆಯ ಕಾಲ, ಇವನ್ನೂ ಗಮನಿಸಬೇಕು. 2015ರ ಸೆಪ್ಟೆಂಬರ್‌ನಿಂದ ಎರಡನೆಯ ಹಾಗೂ ನಾಲ್ಕನೆಯ ಶನಿವಾರ ಬ್ಯಾಂಕುಗಳಿಗೆ ರಜೆ. ಆದುದರಿಂದ ಗಲ್ಲಾಪೆಟ್ಟಿಗೆಯ ಹಣವನ್ನು ಶುಕ್ರವಾರವೇ ಜಮಾ ಮಾಡಿ ಹೊರಡಬೇಕು. ಕಾರ್ಖಾನೆಯುಳ್ಳವರು ಮುಖ್ಯ ಸ್ವಿಚ್ಚನ್ನು ತಾವೇ ಕಣ್ಣಾರೆ ನೋಡಿ ಬರಬೇಕು. ಅಂಗಡಿ ಮುಚ್ಚುವ ದಿನಗಳನ್ನು ವಾಡಿಕೆಯ ಗಿರಾಕಿಗಳಿಗೆ ಒಂದು ವಾರ ಮೊದಲೇ ಫಲಕದ ಮೂಲಕ ತಿಳಿಸಿದರೆ ಅವರು ಬೇರೆ ಅಂಗಡಿಗೆ ಹೋಗುವುದಿಲ್ಲ. ಮೊದಲೇ ಬಂದು ಒಯ್ಯುತ್ತಾರೆ. ನಮ್ಮ ಅನುಭವದಲ್ಲಿ ಶುಕ್ರವಾರದ ವ್ಯಾಪಾರವು ಶನಿವಾರದ ನಷ್ಟವನ್ನು ಬಹುಮಟ್ಟಿಗೆ ತುಂಬಿತು.

ಕೆಲಸಗಾರರ ವಿಷಯವೂ ಇದೆ. ವಾರಕ್ಕೊಂದು ದಿನದ ರಜೆ 1961ರ ಕರ್ನಾಟಕ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಂತೆ ಅವರ ಹಕ್ಕು. ಯಜಮಾನರು ಪ್ರವಾಸ ಹೊರಟಾಗ ಅವರಿಗೂ ಬಿಡುವು ದೊರೆತರೆ ಸೋಮವಾರದ ಕೆಲಸದಲ್ಲಿ ಅದರ ಫಲ ಕಾಣುತ್ತದೆ.

ಪ್ರಯಾಣದ ಬಗೆ

ಗುಂಡ್ಲುಪೇಟೆಗೆ ರೈಲು ಇಲ್ಲ. ಅಲ್ಲಿಯವರು ನಂಜನಗೂಡಿನ ಮಾರ್ಗವಾಗಿ ಸುಮಾರು 60 ಕಿಲೋಮೀಟರು ದೂರದ ಮೈಸೂರಿಗೆ ಬಂದು, ಅಲ್ಲಿಂದ ರೈಲು ಅಥವಾ ಬಸ್ಸು ಹಿಡಿಯಬೇಕು. ಚಾಮರಾಜನಗರದವರಿಗೆ ಮೈಸೂರಿನವರೆಗೆ ರೈಲುಂಟು. ತಿರುಪತಿಗೆ ಹೋಗುವ ರೈಲು ಬೆಂಗಳೂರಿನ ಮೂಲಕವೇ ಸಾಗುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ಹಾದಿಯೂ ಇದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್‌ನಿಂದ 60 ದಿನಗಳಿಗೆ ಇಳಿಸಲಾಗಿದೆ. ದಿನಾಂಕ ಗೊತ್ತಾದೊಡನೆ ಹಿಂತಿರುಗುವ ಟಿಕೆಟ್ಟನ್ನೇ ಮೊದಲು ಪಡೆಯುವುದು ಜಾಣತನ.

ಸ್ವಂತ ಕಾರಿನವರಿಗೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಅನುಕೂಲವೇ ಸರಿ. ಆದರೆ ಅದೇ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಹಾಗೂ ಆಟೋಗಳಿಗೆ ಪ್ರವೇಶವಿಲ್ಲ. ಅವು ಪಕ್ಕದ ಸರ್ವಿಸ್ ರಸ್ತೆಯಲ್ಲಿಯೇ ಸಾಗಬೇಕು. ಫಾಸ್ಟ್ಯಾಗ್‌ನಲ್ಲಿ ಹಣವಿದೆಯೇ ಎಂಬುದನ್ನು ಹಿಂದಿನ ದಿನವೇ ನೋಡಿಕೊಳ್ಳಬೇಕು.

ಖರ್ಚಿನ ದೃಷ್ಟಿಯಿಂದ ಸರ್ಕಾರಿ ಬಸ್ಸೂ ಕಡೆಗಣಿಸತಕ್ಕದ್ದಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತ ಪ್ರಯಾಣವುಂಟು. ರಾಜಹಂಸ, ಐರಾವತ ಮುಂತಾದವುಗಳಲ್ಲಿ ಇಲ್ಲ. ತಾಯಿ, ಪತ್ನಿ, ಮಗಳು ಜೊತೆಯಲ್ಲಿದ್ದರೆ ಆ ಉಳಿತಾಯದಲ್ಲಿ ಒಂದು ಹೊತ್ತಿನ ಒಳ್ಳೆಯ ಊಟವಾಗುತ್ತದೆ. ಗುರುತಿನ ಚೀಟಿಯನ್ನು ಮರೆಯಬಾರದು.

ನಗರದೊಳಗೆ ಆಟೋದ ಚೌಕಾಸಿಗಿಂತ ಮೆಟ್ರೊ ರೈಲೇ ಸುಖ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಹಾಗೂ ಎಂ.ಜಿ. ರಸ್ತೆಗಳ ನಡುವೆ ಆರಂಭವಾದ ಈ ಸೇವೆ ಈಗ ಮೈಸೂರು ರಸ್ತೆಯ ಕೆಂಗೇರಿಯನ್ನೂ ದಾಟಿದೆ. ಮೈಸೂರಿನ ಕಡೆಯಿಂದ ಬರುವವರು ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ತೆವಳದೆ, ಕೆಂಗೇರಿಯಲ್ಲಿಯೇ ಇಳಿದು ನೇರಳೆ ಮಾರ್ಗದ ಗಾಡಿ ಹತ್ತಿದರೆ ನೇರವಾಗಿ ವಿಧಾನಸೌಧ, ಕಬ್ಬನ್ ಪಾರ್ಕ್ ನಿಲ್ದಾಣಗಳನ್ನು ತಲುಪಬಹುದು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಲಾಲ್‌ಬಾಗ್ ಸಿಗುತ್ತವೆ. ಭಾನುವಾರ ಮೊದಲ ಗಾಡಿ ತಡವಾಗಿ ಹೊರಡುವುದೆಂಬುದು ನೆನಪಿರಲಿ.

ಎರಡು ದಿನ, ಎರಡು ದಿಕ್ಕು

ಎಲ್ಲವನ್ನೂ ನೋಡುವೆನೆಂದು ಹೊರಟವನು ರಸ್ತೆಯನ್ನಷ್ಟೇ ನೋಡುತ್ತಾನೆ. ದಿನಕ್ಕೊಂದು ದಿಕ್ಕು ಎಂದು ನಿಶ್ಚಯಿಸಿಕೊಂಡೆವು.

ಶನಿವಾರ ಕಬ್ಬನ್ ಪಾರ್ಕಿನ ಸುತ್ತ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕಟ್ಟಲಾರಂಭಿಸಿ 1956ರಲ್ಲಿ ಪೂರ್ಣಗೊಂಡ ವಿಧಾನಸೌಧ, ಅದರೆದುರಿನ ಕೆಂಪು ಬಣ್ಣದ ಅಠಾರಾ ಕಚೇರಿ, ಮಕ್ಕಳಿಗೆ ಮರದ ನೆರಳು. ಸಣ್ಣ ಕೈಗಾರಿಕೆಯವರು ತಪ್ಪದೆ ನೋಡಬೇಕಾದುದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 1962ರಲ್ಲಿ ಪಂಡಿತ ನೆಹರೂ ಅವರು ಉದ್ಘಾಟಿಸಿದ ಈ ಸಂಸ್ಥೆಯ ಎಂಜಿನ್ನುಗಳ ವಿಭಾಗದಲ್ಲಿ ನನ್ನ ಮಗನು ಒಂದು ಗಂಟೆ ನಿಂತ. ನಮ್ಮ ಗಿರಣಿಯ ಮೋಟಾರು ಏಕೆ ತಿರುಗುತ್ತದೆಂಬುದನ್ನು ನಾನು ಹೇಳಿಕೊಡದಿದ್ದುದನ್ನು ಅಲ್ಲಿ ಅವನೇ ತಿಳಿದುಕೊಂಡು ಬಂದು ನನಗೆ ಹೇಳಿದ.

ಭಾನುವಾರ ದಕ್ಷಿಣ ದಿಕ್ಕು. ಬೆಳಗ್ಗೆಯೇ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಸಂತೆ. ಅಲ್ಲಿಯ ರಾಶಿಗಳ ಮುಂದೆ ನಿಂತರೆ ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳು ನೆನಪಾಗದಿರವು. ಇನ್ನೊಂದು ನಂಟೂ ಇದೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದ್ದು ಶಿವನಸಮುದ್ರದ ವಿದ್ಯುತ್ತಿನಿಂದ. ನಮ್ಮ ಕೊಳ್ಳೇಗಾಲದ ಗಡಿಯಲ್ಲಿ ಧುಮುಕುವ ಕಾವೇರಿಯಿಂದ. ಇದನ್ನು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳುವುದು ಚೆನ್ನ.

ಅಲ್ಲಿಂದ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆ. ಗಾಜಿನ ಮನೆ 1889ರದ್ದು. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆನ್ನುತ್ತಾರೆ ಭೂವಿಜ್ಞಾನಿಗಳು. ಕರಿಕಲ್ಲಿನ ವ್ಯಾಪಾರ ಬಲ್ಲ ನಮ್ಮ ಜಿಲ್ಲೆಯವರು ಅದರ ಮೇಲೆ ಅರೆಗಳಿಗೆ ಕೂರಬೇಕು. ಜನವರಿ ಹಾಗೂ ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ನೂಕುನುಗ್ಗಲು ಹೆಚ್ಚು. ವಯಸ್ಸಾದವರೊಡನೆ ಹೋಗುವವರು ಆ ದಿನಗಳನ್ನು ಬಿಡುವುದು ಒಳಿತು. ಬಳಿಕ ಬಸವನಗುಡಿಯ ದೊಡ್ಡ ಬಸವಣ್ಣನ ದರ್ಶನ, ಗಾಂಧಿ ಬಜಾರಿನಲ್ಲಿ ದೋಸೆ. 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಕಾಯಲೇಬೇಕು. ತಾಯಿಯವರ ಮಂಡಿನೋವಿನಿಂದಾಗಿ ನಾವು ಪಕ್ಕದ ಬೀದಿಯಲ್ಲಿ ತಿಂದೆವು. ಅದರಿಂದ ಪ್ರವಾಸಕ್ಕೇನೂ ಕುಂದಾಗಲಿಲ್ಲ.

ರಜೆಯ ದಿನಗಳನ್ನು ಗುರುತು ಹಾಕಿಕೊಳ್ಳಿ: ನೆಹರೂ ತಾರಾಲಯಕ್ಕೆ ಸೋಮವಾರ, ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಮಂಗಳವಾರ. ಬನ್ನೇರುಘಟ್ಟವೇ ಇಡೀ ದಿನ ಬೇಡುವ ಸ್ಥಳವಾದ್ದರಿಂದ ಎರಡು ದಿನದ ಪ್ರವಾಸದಲ್ಲಿ ಅದನ್ನು ಸೇರಿಸಲಿಲ್ಲ. ಬಂಡೀಪುರದ ಅಂಚಿನಲ್ಲಿ ಬದುಕುವವರು ಪ್ರಾಣಿಗಳನ್ನು ನೋಡಲು ಅಲ್ಲಿಗೆ ಹೋಗಬೇಕೇ ಎಂದು ತಾಯಿಯವರೇ ತೀರ್ಮಾನ ಕೊಟ್ಟರು.

ಹಣದ ಲೆಕ್ಕ

ಪ್ರಯಾಣ, ವಸತಿ, ಊಟ, ಪ್ರವೇಶ ಶುಲ್ಕ, ಖರೀದಿ ಎಂದು ಐದು ಬಾಬುಗಳನ್ನು ಮೊದಲೇ ಬರೆದು, ಒಟ್ಟು ಮೊತ್ತದ ಹತ್ತನೆಯ ಒಂದು ಭಾಗವನ್ನು ಆಪತ್ತಿಗೆಂದು ತೆಗೆದಿರಿಸಬೇಕು. ಮೊಬೈಲಿನಲ್ಲಿ ಹಣ ಪಾವತಿಯಾಗುವುದೆಂದು ಬರಿಗೈಯಲ್ಲಿ ಹೊರಡಬಾರದು. ವಸತಿಗೃಹವನ್ನು ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿದರೆ ಬಾಡಿಗೆ ತುಸು ಹೆಚ್ಚಾದರೂ ಆಟೋ ಖರ್ಚಿನಲ್ಲಿ ಅದು ಮರಳುತ್ತದೆ. ಇನ್ನೊಂದು ಎಚ್ಚರಿಕೆ: ಮನೆಯವರ ಪ್ರವಾಸದ ಬಿಲ್ಲನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸುವ ಆಸೆ ಬೇಡ. ಸ್ವಂತ ಬಳಕೆಯ ಸೇವೆಗೆ ತೆತ್ತ ಜಿ.ಎಸ್.ಟಿ. ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಸರಕಿನ ಖರೀದಿಗೆ ಬೇರೊಂದು ದಿನವಿರಲಿ.

ಎದುರು ದಿಕ್ಕಿನ ವಾಹನಗಳು

ಮರಳುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಶನಿವಾರ ಬೆಳಗ್ಗೆ ನಾವು ಬೆಂಗಳೂರಿನತ್ತ ಸಾಗುವಾಗ ಎದುರಿನಿಂದ ಕಾರುಗಳ ಸಾಲು ಬರುತ್ತಿತ್ತು. ಭಾನುವಾರ ಸಂಜೆ ನಾವು ಊರ ಕಡೆ ಹೊರಟಾಗ ಅದೇ ಸಾಲು ನಗರಕ್ಕೆ ಹಿಂತಿರುಗುತ್ತಿತ್ತು. ವಾರಾಂತ್ಯದ ದಟ್ಟಣೆ ನಮ್ಮ ದಿಕ್ಕಿಗೆ ವಿರುದ್ಧವಾದುದರಿಂದ ನಮಗೆ ರಸ್ತೆ ಸುಗಮವಾಗಿತ್ತು. ಆದರೆ ಅಷ್ಟಕ್ಕೆ ಸಂತೋಷಪಟ್ಟು ಸುಮ್ಮನಾಗಬಹುದೇ? ಆ ಕಾರುಗಳಲ್ಲಿ ಎಷ್ಟೋ ಗುಂಡ್ಲುಪೇಟೆಯನ್ನು ಹಾದು ಊಟಿಗೂ ವಯನಾಡಿಗೂ ಹೋಗುತ್ತವೆ. ಗೋಪಾಲಸ್ವಾಮಿ ಬೆಟ್ಟ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ನಮ್ಮಲ್ಲಿಯೇ ಇವೆ. 1826ರ ಚಾಮರಾಜೇಶ್ವರ ದೇವಾಲಯ ಚಾಮರಾಜನಗರದ ನಡುಮಧ್ಯದಲ್ಲಿದೆ. ಆದರೂ ಆ ಪ್ರಯಾಣಿಕರು ನಮ್ಮ ಪೇಟೆಯಲ್ಲಿ ಇಳಿಯುವುದು ಬಹುಪಾಲು ಒಂದು ಲೋಟ ಕಾಫಿಗೆ ಮಾತ್ರ.

ನಗರದಲ್ಲಿ ಎರಡು ದಿನ ಅಪರಿಚಿತರಾಗಿ ಅಲೆದಾಗ ನಮಗೆ ಬೇಕೆನಿಸಿದ್ದೇನು? ಶುಚಿಯಾದ ಶೌಚಾಲಯ, ಬರೆದು ತೂಗುಹಾಕಿದ ದರಪಟ್ಟಿ, ತೆರೆಯುವ ಮುಚ್ಚುವ ವೇಳೆಯ ಫಲಕ, ದಾರಿ ಕೇಳಿದರೆ ಬೇಸರಿಸದ ಮುಖ. ನಮ್ಮಲ್ಲಿಗೆ ಬರುವವರಿಗೆ ಬೇಕಾದುದೂ ಇಷ್ಟೇ. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವುದನ್ನು ದೂರದವರು ಎಷ್ಟೋ ಜನ ಚೆಕ್‌ಪೋಸ್ಟಿಗೆ ಬಂದ ಮೇಲೆಯೇ ತಿಳಿಯುತ್ತಾರೆ. ಅದನ್ನು ಹೋಟೆಲು, ಪೆಟ್ರೋಲ್ ಬಂಕುಗಳ ಮುಂದೆ ನಾವೇ ಬರೆದು ಹಾಕಿದರೆ, ತಡವಾದವರು ನಮ್ಮಲ್ಲಿಯೇ ತಂಗುವ ಯೋಚನೆ ಮಾಡಿಯಾರು. ಅರಿಸಿನವನ್ನು ಸಣ್ಣ ಪೊಟ್ಟಣದಲ್ಲಿ ಊರಿನ ಹೆಸರು ಮುದ್ರಿಸಿ ಇಟ್ಟರೆ ಕೊಳ್ಳುವವರು ಇಲ್ಲವೆನ್ನಲಾಗದು. ಇದಕ್ಕೆ ಸರ್ಕಾರದ ಅನುದಾನ ಬರುವವರೆಗೆ ಕಾಯಬೇಕಾಗಿಲ್ಲ.

ಆದುದರಿಂದ ವರ್ತಕ ಮಿತ್ರರಲ್ಲಿ ವಿನಂತಿ ಇಷ್ಟು. ವರ್ಷಕ್ಕೊಮ್ಮೆ ಎರಡು ದಿನ ಸರಕಿನ ಪಟ್ಟಿಯನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಯವರೊಡನೆ ಹೊರಡಿ. ಗಿರಾಕಿಯಾಗಿ ನಿಂತು ನೋಡಿದ್ದು ಅಂಗಡಿಯಲ್ಲಿ ಕುಳಿತಾಗ ಉಪಯೋಗಕ್ಕೆ ಬರುತ್ತದೆ. ಈ ಬಾರಿ ಬಸ್ಸಿನಿಂದ ಇಳಿಯುವಾಗ ಶ್ರೀಮತಿಯವರು ಕೇಳಿದ್ದು ಒಂದೇ ಮಾತು: "ಮುಂದಿನ ವರ್ಷ ಯಾವ ತಿಂಗಳು ರೀ?" ದಿನಾಂಕವನ್ನು ಆಗಲೇ ಗುರುತು ಹಾಕಿಕೊಂಡಿದ್ದೇವೆ.