ನಿಮಗಿದು ಗೊತ್ತೆ? ಬಾಗಿಲು ತೆರೆಯುವುದು ತೆಂಕಣ ಕಾಂತಕ್ಷೇತ್ರಕ್ಕೆ

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಸೌರ ಬಿರುಗಾಳಿಯಿಂದಾಗಿ ಆಕಾಶ ಕೆಂಪೇರಿತ್ತು. ನಾಗಮಂಗಲ, ಕೆ.ಆರ್. ಪೇಟೆಗಳ ಆಕಾಶಕ್ಕೆ ಆ ಭಾಗ್ಯವಿಲ್ಲ. ಇಂಥ ಬೆಳಕು ಮೂಡುವುದು ಹೆಚ್ಚಾಗಿ ಧ್ರುವಗಳತ್ತ, ಇಲ್ಲಿಗೋ ಭೂಕಾಂತೀಯ ಸಮಭಾಜಕ ತೀರಾ ಹತ್ತಿರ.

ಈ ಬಣ್ಣದಾಟದ ಮೂಲ ಸೂರ್ಯನಲ್ಲಿದೆ. ಅಲ್ಲಿನ ಕುದಿಯುವ ಪ್ಲಾಸ್ಮಾದಲ್ಲಿ ಕಾಂತರೇಖೆಗಳು ಹಗ್ಗದಂತೆ ಹುರಿಗೊಳ್ಳುತ್ತವೆ. ಎದುರುಬದುರು ದಿಕ್ಕಿನ ರೇಖೆಗಳು ಒತ್ತಿ ಬಂದರೆ ಹಳೆಯ ನಂಟು ಕಡಿದು ಹೊಸದಾಗಿ ಕೂಡುತ್ತವೆ. ಇದೇ ಕಾಂತೀಯ ಮರುಜೋಡಣೆ. ಕೂಡಿಟ್ಟ ಶಕ್ತಿ ಶಾಖವಾಗಿ, ಕಣಗಳ ವೇಗವಾಗಿ ಸಿಡಿಯುತ್ತದೆ. ರೇಖೆಗಳೆಂಬುದು ನಮ್ಮ ಅನುಕೂಲಕ್ಕೆ ಎಳೆದ ಗೆರೆಗಳಷ್ಟೇ, ಸಿಡಿತ ಮಾತ್ರ ನಿಜ!

ಅದಕ್ಕಿಂತ ಸ್ವಾರಸ್ಯದ್ದು ಭೂಮಿಯ ಬಳಿ ನಡೆಯುವ ಎರಡನೇ ಮರುಜೋಡಣೆ. ಹಗಲಿನ ಬದಿಯಲ್ಲಿ ಭೂಮಿಯ ಕಾಂತಕ್ಷೇತ್ರ ಉತ್ತರಕ್ಕೆ ಮುಖಮಾಡಿರುತ್ತದೆ. ಆ ಸಿಡಿತದಿಂದ ಸೂರ್ಯನನ್ನು ಬಿಟ್ಟು ಬಂದ ಪ್ಲಾಸ್ಮಾ ಮೋಡದ ಕಾಂತಕ್ಷೇತ್ರವೂ ಉತ್ತರಮುಖಿಯಾಗಿದ್ದರೆ ಹೆಚ್ಚಿನ ಅಪಾಯವಿಲ್ಲ. ದಕ್ಷಿಣಮುಖಿಯಾದರೆ ಎರಡೂ ಕೂಡಿಕೊಂಡು ನಮ್ಮ ರಕ್ಷಾಕವಚದಲ್ಲಿ ಬಾಗಿಲು ತೆರೆಯುತ್ತದೆ. ಆಮೇಲೆ ಇರುಳ ಬದಿಯಲ್ಲಿ ಚಾಚಿದ ಕಾಂತಕ್ಷೇತ್ರದ ಬಾಲದಲ್ಲೂ ಮರುಜೋಡಣೆ ನಡೆದು ಕಣಗಳು ಧ್ರುವಗಳತ್ತ ನುಗ್ಗಿ ಬಣ್ಣದ ಬೆಳಕು ಮೂಡಿಸುತ್ತವೆ. ಈ ಕಾಂತೀಯ ಬಿರುಗಾಳಿ ಜೋರಾದರೆ ವಾತಾವರಣದ ಮೇಲಿನ ವಿದ್ಯುದಾವಿಷ್ಟ ಪದರವಾದ ಅಯಾನುಗೋಳ ಕಲಕಿ, ಶ್ರೀರಂಗಪಟ್ಟಣದಲ್ಲಿ ದಾರಿ ತೋರುವ ಜಿಪಿಎಸ್ಸೂ ಪಾಂಡವಪುರದ ಹೊಲ ಅಳೆಯುವ ಜಿಪಿಎಸ್ಸೂ ತಪ್ಪು ಹೇಳಬಹುದು.

ಬರುವ ಮೋಡದ ಕಾಂತಕ್ಷೇತ್ರದ ದಿಕ್ಕನ್ನು ಮೊದಲೇ ಅಳೆಯುವ ಒಂದು ಕಾಂತಮಾಪಕ ತಯಾರಾದದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್-1 ನೌಕೆಯಿಂದ 6 ಮೀಟರ್ ಚಾಚಿದ ತೋಳಿನಲ್ಲಿ, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದು ಕೆಲಸ ಮಾಡುತ್ತಿದೆ.